ಬೆಂಚಿನ ಇನ್ನೊಂದು ತುದಿ

ಆದಿತ್ಯವಾರದ ಮುಂಜಾವು. ವಿಲೆ ಪಾರ್ಲೆಯ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಹಾಲಿನ ಕ್ರೇಟುಗಳದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಶಾಲೆಯ ನೆಲಮಹಡಿಯ ತರಗತಿಯನ್ನು ಸೇವಂತಿ ತೊಳೆದು ಮುಗಿಸಿದ್ದಾರೆ. ಅಂಗಳಕ್ಕೆ ತಂದಿಟ್ಟಿದ್ದ ಮರದ ಬೆಂಚುಗಳನ್ನು, ಬೇಗ ಬಂದವರ ಕೈ ಸೇರಿಸಿಕೊಂಡು, ಒಳಗೆ ಸಾಗಿಸುತ್ತಾರೆ. ಕೊನೆಯ ಎರಡನ್ನು ಮಾತ್ರ ಗೇಟಿನ ಪಕ್ಕದಲ್ಲೇ ಬಿಡುತ್ತಾರೆ. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, ಕೆಲಸವೇ ಇಲ್ಲದವರಂತೆ ನಿಲ್ಲುತ್ತಾರೆ.

ಏಳು ಗಂಟೆಗೆ ಇಲ್ಲಿ ಕುಡಿತ ಬಿಡಬೇಕೆನ್ನುವವರ ಸಭೆ. ಗೇಟಿನ ಮೇಲೆ ಬೋರ್ಡಿಲ್ಲ. ಬಂದವರ ಊರು, ಕೆಲಸ ಯಾರೂ ಕೇಳುವುದಿಲ್ಲ. ಸೇವಂತಿ ಆ ಗುಂಪಿಗೆ ಸೇರಿದವರಲ್ಲ, ಶಾಲೆಯ ಕಸ ಗುಡಿಸುವವರು. ಆದರೆ ಮೊದಲ ಸಲ ಬಂದವರು ಅರ್ಧ ದಾರಿಯಲ್ಲಿ ತಿರುಗಿ ಹೋಗದಂತೆ ನೋಡಿಕೊಳ್ಳುವ ಕೆಲಸವನ್ನು, ಯಾರೂ ಹೇಳದೆ, ಅವರೇ ವಹಿಸಿಕೊಂಡಿದ್ದಾರೆ.

"ನೀವೂ ಗೇಟಲ್ಲೇ ನಿಂತಿದ್ರಲ್ಲ, ಒಳಗೆ ಬರ್ಲಿಕ್ಕೆ ನಾಚಿಕೊಂಡು," ಎಂದು ನನ್ನನ್ನು ನೋಡಿ ನಗುತ್ತಾರೆ. "ಪೇಪರಿನವರು ಅಂತ ಯಾರಿಗೆ ಗೊತ್ತು? ಅಯ್ಯೋ, ಇಷ್ಟು ಸಣ್ಣ ಹುಡುಗಿಗೂ ಈ ಚಟ ಬಂತಾ ಅಂತ ಗ್ರಹಿಸಿದೆ ನಾನು!"

ನಗು ಅಲ್ಲಿಗೇ ನಿಲ್ಲುತ್ತದೆ. ಎದುರಿನ ಮುಚ್ಚಿದ ಪಾನ್ ಅಂಗಡಿಯ ಬಳಿ ಒಬ್ಬ ಮನುಷ್ಯ ನಿಂತಿದ್ದಾನೆ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಮೊಬೈಲು.

"ಕಳೆದ ವಾರವೂ ಬಂದಿದ್ರು," ಸೇವಂತಿಯ ದನಿ ತಗ್ಗುತ್ತದೆ. "ಮೊಬೈಲ್ ನೋಡಿದ ಹಾಗೆ ಮಾಡಿದ್ರು, ಹೋದ್ರು. ಇವತ್ತೂ ಹೋದ್ರೆ ಮತ್ತೆ ಬರುದಿಲ್ಲ ಅವ್ರು."

ಇದನ್ನು ಅವರಿಗೆ ಕಲಿಸಿದ್ದು ಅವರದೇ ಮನೆ. ಕಾರ್ಕಳದ ಕಡೆಯ ಸೇವಂತಿ ಮದುವೆಯಾಗಿ ಮುಂಬಯಿಗೆ ಬಂದವರು. ಗಂಡ ಅಣ್ಣು ಬೈಕುಲ್ಲಾದ ಒಂದು ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುತ್ತಿದ್ದರು. ಒಳ್ಳೆಯ ಕೈ, ಕೆಟ್ಟ ಕುಡಿತ. ಒಂದು ಸಂಜೆ ತಾನಾಗಿಯೇ ಮನಸ್ಸು ಮಾಡಿ, ಬೇರೆ ಕಡೆ ನಡೆಯುತ್ತಿದ್ದ ಇಂಥದೇ ಸಭೆ ಹುಡುಕಿಕೊಂಡು ಹೋದರು. ಗೇಟಿನಲ್ಲಿ ವಾಚ್‌ಮನ್‌ನನ್ನು ಮೆಲ್ಲಗೆ ಕೇಳಿದರು.

"ಅವ ಮೇಲೆ ಮುಖ ಮಾಡಿ ಬೊಬ್ಬೆ ಹೊಡೆದನಂತೆ, 'ಅರೇ, ಬೇವಡಾ ಲೋಗೋಂಕಾ ಮೀಟಿಂಗ್ ಕಿಧರ್ ಹೈ ರೇ?' ಅಂತ. ಕುಡುಕರ ಮೀಟಿಂಗ್ ಎಲ್ಲಿ ಅಂತ! ರಸ್ತೆಯವರೆಲ್ಲ ತಿರುಗಿ ನೋಡಿದ್ರಂತೆ. ಮನೆಗೆ ಬಂದು ಅದನ್ನ ಹೇಳಿ ನಗಾಡಿದ್ರು ಇವ್ರು. ನಗಾಡಿದ್ರು, ಮತ್ತೆ ಹೋಗ್ಲೇ ಇಲ್ಲ."

ಮಗಳು ಯಕ್ಷಿತಾ ಇನ್ನೂ ಪ್ರಾಥಮಿಕ ಶಾಲೆಯಲ್ಲಿದ್ದಾಗ ಅಣ್ಣು ತೀರಿಕೊಂಡರು. ಸೇವಂತಿ ಕಸಬರಿಕೆ ಹಿಡಿದರು. ಈಗ ದಿನಕ್ಕೆ ಎರಡು ಮಹಡಿ, ಹದಿನಾಲ್ಕು ಕೋಣೆ. ಆದಿತ್ಯವಾರ ರಜೆಯಿದ್ದರೂ ಬರುತ್ತಾರೆ.

ಬೆಂಚಿನ ಉಪಾಯ ಹೊಳೆದದ್ದಲ್ಲ, ಆದದ್ದು. ಕೆಲವು ವರ್ಷಗಳ ಹಿಂದೆ ಗೇಟಿನಲ್ಲಿ ಒಬ್ಬರು ಒಳಗೂ ಬಾರದೆ ಹೊರಗೂ ಹೋಗದೆ ನಿಂತಿದ್ದರು. ಸೇವಂತಿಗೆ ಅಂದು ವಿಪರೀತ ಸೊಂಟನೋವು. ಸ್ವಲ್ಪ ಕೈ ಹಾಕಿ ಎಂದರು. ಅವರು ಬೆಂಚು ಹಿಡಿದು ಒಳಗೆ ಬಂದರು, ಇಳಿಸಿದರು, ಅದರ ಮೇಲೆಯೇ ಕೂತರು. ಅವರೇ ಶಾಮಣ್ಣ, ಇಂದು ಸಭೆಗೆ ಚಹಾ ಮಾಡುವವರು. ತನ್ನ ಹೆಸರು ಬರೆಯಲು ಅಡ್ಡಿಯಿಲ್ಲ ಎಂದವರು ಅವರೊಬ್ಬರೇ. ದಾನಿಯೊಬ್ಬರಿಂದ ಪ್ಲಾಸ್ಟಿಕ್ ಕುರ್ಚಿ ಕೊಡಿಸಲು ಓಡಾಡುತ್ತಿರುವವರೂ ಅವರೇ.

"ಇವರ ಸೊಂಟ ನೋಡಿ ಹೇಳಿದ್ದು ಕಣಮ್ಮ," ಎನ್ನುತ್ತಾರೆ ಶಾಮಣ್ಣ.

"ಕುರ್ಚಿಯನ್ನ ಒಬ್ರೇ ಎತ್ತಿಕೊಂಡು ಹೋಗ್ಬಹುದು. ಆಗ ನಾನು ಯಾರನ್ನ ಕರಿಯುದು?" ಸೇವಂತಿ ಕೇಳುತ್ತಾರೆ. "ನಿಮ್ಮನ್ನ ಕುರ್ಚಿ ತೋರಿಸಿ ಕರೆದಿದ್ರೆ ಬರ್ತಿದ್ರಾ ನೀವು?"

ಶಾಮಣ್ಣ ಚಹಾದ ಕಡೆ ಹೋಗುತ್ತಾರೆ.

ಅಷ್ಟರಲ್ಲಿ ಪಾನ್ ಅಂಗಡಿಯ ಬಳಿ ನಿಂತಿದ್ದಾತ ಮೊಬೈಲು ಜೇಬಿಗೆ ಹಾಕಿ ಸ್ಟೇಷನ್ ಕಡೆ ಎರಡು ಹೆಜ್ಜೆ ಇಟ್ಟಾಗಿದೆ.

"ಓ ಭಯ್ಯಾ! ಜರಾ ಹಾಥ್ ಲಗಾವ್ ನಾ!" ಸ್ವಲ್ಪ ಕೈ ಹಾಕಿ ಎಂದು ಸೇವಂತಿ ಹಿಂದಿಯಲ್ಲಿ ಕೂಗುತ್ತಾರೆ.

"ಮೈಂ?" ಆತ ತಿರುಗುತ್ತಾನೆ.

"ಔರ್ ಕೌನ್? ಇಧರ್ ದೂಸ್ರಾ ಕೌನ್ ಖಡಾ ಹೈ?" ಎನ್ನುತ್ತಾ ಸೇವಂತಿ ಬೆಂಚಿನ ಒಂದು ತುದಿ ಎತ್ತಿಯೇ ಬಿಡುತ್ತಾರೆ. "ಅಯ್ಯೋ ದೇವ್ರೇ, ನನ್ನ ಸೊಂಟ..."

ಆತ ರಸ್ತೆ ದಾಟಿ ಬರುತ್ತಾನೆ. "ಬಿಡಿ, ಬಿಡಿ. ಭಾರದ ಬದಿ ನಾನು ಹಿಡೀತೇನೆ," ಎನ್ನುತ್ತಾನೆ, ಕನ್ನಡದಲ್ಲಿ.

ಇಬ್ಬರೂ ಬಾಗಿಲು ದಾಟುತ್ತಾರೆ. ಬೆಂಚು ನೆಲಕ್ಕೆ ತಾಗಿದ ಸದ್ದು ಕೇಳುತ್ತದೆ, ಆಮೇಲೆ ಶಾಮಣ್ಣನ ದನಿ, "ಸಕ್ಕರೆ ಎಷ್ಟು?" ಸೇವಂತಿ ಒಬ್ಬರೇ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತಾರೆ. ಒಳಗಿನ ಮಾತು ಒಳಗಿನವರದು. ಅವರು ಅಂಗಳ ಗುಡಿಸುತ್ತಾರೆ, ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಾರೆ.

ಸಭೆ ಮುಗಿದಾಗ ಆತನೇ ಮೊದಲು ಬೆಂಚಿಗೆ ಕೈ ಹಾಕುತ್ತಾನೆ. ಕಣ್ಣು ಕೆಂಪಾಗಿದೆ.

"ಇದನ್ನ ಎಲ್ಲಿ ಇಡುದು ಅಕ್ಕ?"

"ಅಲ್ಲೇ ಇರ್ಲಿ. ಮುಂದಿನ ವಾರ ನೋಡುವ."

"ಮುಂದಿನ ವಾರವೂ ಎತ್ಲಿಕ್ಕುಂಟಾ?"

"ಉಂಟಲ್ಲ ಮಾರಾಯ್ರೆ! ನಾನೊಬ್ಳು ಎತ್ತುದಾ?"

ಆತ ಹೋದ ಮೇಲೆ, ಇದೆಲ್ಲ ಬರೆದರೆ ಉಪಾಯ ಕೆಡುವುದಿಲ್ಲವೇ ಎಂದು ಕೇಳುತ್ತೇನೆ. ಸೇವಂತಿ ಕಸಬರಿಕೆಯನ್ನು ಗೋಡೆಗೆ ಒರಗಿಸುತ್ತಾರೆ.

"ಬರೀರಿ. ಯಾರ ಹತ್ರವೂ ದಾರಿ ಕೇಳ್ಬೇಕಂತ ಇಲ್ಲ ಅಂತ ಬರೀರಿ. ಗೇಟಿನ ಹತ್ರ ಬೆಂಚು ಇರ್ತದೆ, ಒಂದು ತುದಿ ಹಿಡಿದ್ರೆ ಸಾಕು. ಇನ್ನೊಂದು ನಾನು ಹಿಡೀತೇನೆ."