ವ್ಯಾನಿನಡಿಯ ತಟ್ಟೆ

ಅಪ್ಪನಿಗೀಗ ಮೂತ್ರ ತಡೆಯಲಾಗುವುದಿಲ್ಲ. ಒದ್ದೆಯಾದ ರಬ್ಬರ್ ಶೀಟನ್ನು ಅಮ್ಮ ದಿನಾ ಒಣಹಾಕುವಾಗ ನಮ್ಮ ಹಳೆಯ ವ್ಯಾನು ನೆನಪಾಗುತ್ತದೆ.

ಆಗ ಪರವೂರಿನ ಆಲ್ಕಾಪುರಿ ಬಡಾವಣೆಯಲ್ಲಿ ನಮ್ಮ ಹೋಟೆಲಿತ್ತು. ತರಕಾರಿ ತರುವ ವ್ಯಾನಿನ ಎಂಜಿನ್ನಿನಿಂದ ಆಯಿಲ್ ಸೋರುತ್ತಿತ್ತು. ಅಪ್ಪ ಅದರಡಿ ಹೋಟೆಲಿನ ಸೊಟ್ಟ ತಟ್ಟೆಯೊಂದನ್ನು ಇಟ್ಟು, ಬೆಳಿಗ್ಗೆ ಅದರಲ್ಲಿ ಬಿದ್ದಷ್ಟನ್ನೇ ಸೋಸಿ ವಾಪಸು ಸುರಿಯುತ್ತಿದ್ದರು. ಓಡುವಾಗ ದಾರಿಯುದ್ದಕ್ಕೂ ಸೋರಿದ್ದು ಅವರ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ ತಟ್ಟೆ ಒಣಗಿತ್ತು. "ಕಾಣ್ ಮಗಾ, ಸೋರುದು ನಿಂತೇ ಹೋಯ್ತ್!" ಎಂದು ಹಿಗ್ಗಿದರು. ಕೀ ತಿರುಗಿಸಿದರೆ ಟಕ್ ಎಂದಿತು, ಅಷ್ಟೇ. ಬ್ಯಾಟರಿ, ವೈರು ಎಲ್ಲ ಮುಟ್ಟಿ ನೋಡಿ, ಕೊನೆಗೆ ಆಯಿಲ್ ಅಳೆಯುವ ಕಡ್ಡಿ ಎಳೆದರು. ಅದೂ ಒಣಗಿತ್ತು. ಸೋರಲು ಒಳಗೆ ಏನೂ ಉಳಿದಿರಲಿಲ್ಲ. ಆಯಿಲಿಲ್ಲದೆ ಎಂಜಿನ್ ಒಳಗೇ ಕಚ್ಚಿಕೊಂಡಿತ್ತು; ವ್ಯಾನು ಮತ್ತೆ ಓಡಲಿಲ್ಲ.

ಇವತ್ತು ಬೆಳಿಗ್ಗೆ ಅಮ್ಮ ನಗುತ್ತಾ ಅಡುಗೆಮನೆಗೆ ಬಂದಳು. "ಮಗಾ, ಅಪ್ಪನ ಶೀಟು ಒಂಚೂರೂ ಒದ್ದೆ ಆಗ್ಲಿಲ್ಲ!"

ನಾನು ಅಪ್ಪನ ಕೋಣೆಗೆ ಓಡಿದೆ.