ಕಾಯುವವರಿಗಷ್ಟೇ ಕಾಣುವ 1205

ಕಳೆದ ವರ್ಷದ ಆಷಾಢದಲ್ಲಿ ನಾನು ತುಮಕೂರಿನ ಒಂದು ರಕ್ತನಿಧಿಯಲ್ಲಿ ಕಂಪ್ಯೂಟರ್ ಕೌಂಟರ್ ನೋಡಿಕೊಳ್ಳುತ್ತಿದ್ದೆ. ಈಗಲೂ ಅಲ್ಲೇ ಇದ್ದೇನೆ. ಮೂಲತಃ ನಾನು ಮನೆವಾರ್ತೆಯವಳು. ಮಕ್ಕಳು ತಮ್ಮ ಕೆಲಸ ತಾವು ಮಾಡಿಕೊಳ್ಳುವಷ್ಟಾದ ಮೇಲೆ, ಮರಳೂರಿನ ಮನೆಯಲ್ಲಿ ಬೆಳಿಗ್ಗೆ ಪೂಜೆ, ಅಡುಗೆ ಮುಗಿಸಿ ಮಧ್ಯಾಹ್ನದವರೆಗೆ ಇಲ್ಲಿ ಕೂರುತ್ತೇನೆ. ಮನೆಗೆ ಹತ್ತಿರದಲ್ಲೇ ಕೆಲಸ ಸಿಕ್ಕಿದ್ದು ಶಿವನ ದಯೆ.

ನಮ್ಮ ರಕ್ತನಿಧಿಗೆ ಗುಬ್ಬಿಯಲ್ಲೊಂದು, ಕುಣಿಗಲ್ಲಿನಲ್ಲೊಂದು ಸಣ್ಣ ಕೇಂದ್ರ. ಮೂರಕ್ಕೂ ಸೇರಿ ಒಂದೇ ಡೇಟಾಬೇಸ್. ಡೇಟಾಬೇಸ್ ಎಂದರೆ ದೊಡ್ಡದೇನೂ ಅಲ್ಲ, ಸಾಲುಸಾಲಾಗಿ ಬರೆದಿಟ್ಟ ಕೋಷ್ಟಕಗಳು. ರಕ್ತದ ಒಂದೊಂದು ಬ್ಯಾಗಿಗೂ ಒಂದು ನಂಬರು, ಒಂದು ಸಾಲು. ನಾವೇನಾದರೂ ತಪ್ಪು ಮಾಡಿದರೆ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ವಾಕ್ಯ, ಅದರ ಮುಂದೊಂದು ಅಂಕಿ ಬರುತ್ತದೆ. ಸೇರಿದ ಹೊಸತರಲ್ಲಿ ಅದನ್ನು ನೋಡಿದರೇ ಪಕ್ಕದವರನ್ನು ಕೂಗುತ್ತಿದ್ದೆ. ಬರಬರುತ್ತಾ ಗುರುತು ಸಿಕ್ಕಿತು. 1062 ಬಂದರೆ ಒಂದೇ ನಂಬರನ್ನು ಎರಡು ಸಲ ಬರೆಯಲು ಹೊರಟಿದ್ದೇನೆ ಎಂದರ್ಥ. 1048 ಬಂದರೆ ತುಂಬಲೇಬೇಕಾದ ಜಾಗ ಖಾಲಿ ಬಿಟ್ಟಿದ್ದೇನೆ. ಇವೆರಡೂ ಒಳ್ಳೆಯ ಸ್ವಭಾವದವು. ತಪ್ಪು ಎಲ್ಲಿದೆ ಎಂದು ತೋರಿಸುತ್ತವೆ, ತಿದ್ದಿದರೆ ಸುಮ್ಮನಾಗುತ್ತವೆ.

ಆ ಶುಕ್ರವಾರ ಬಂದದ್ದು 1205.

ಕುಣಿಗಲ್ಲಿನ ಆಸ್ಪತ್ರೆಯೊಂದರಲ್ಲಿ ಪವಿತ್ರ ಎಂಬ ಹುಡುಗಿಗೆ ಬೆಳಿಗ್ಗೆ ಹೆರಿಗೆಯಾಗಿ ರಕ್ತಸ್ರಾವ ನಿಲ್ಲುತ್ತಿರಲಿಲ್ಲ. ಅವಳದು ಬಿ ನೆಗೆಟಿವ್. ಮೂರು ಕೇಂದ್ರಕ್ಕೂ ಸೇರಿ ಆ ಗುಂಪಿನ ಬ್ಯಾಗು ಇದ್ದದ್ದು ಒಂದೇ, ಅದೂ ನಮ್ಮ ಫ್ರಿಜ್ಜಿನಲ್ಲಿ. ಉಳಿದದ್ದು ಬೆಂಗಳೂರಿನಿಂದ ಬರುವವರೆಗೆ ಇದೊಂದು ಕೈ ಹಿಡಿಯಬೇಕಿತ್ತು. ಅವಳ ಅಣ್ಣ ಸಿದ್ದರಾಜು ರಕ್ತದ ಸ್ಯಾಂಪಲ್ಲು, ಐಸ್ ಬಾಕ್ಸು ಹಿಡಿದು ಬಂದಿದ್ದ. ಸ್ಯಾಂಪಲ್ಲಿಗೂ ಬ್ಯಾಗಿಗೂ ಹೊಂದುತ್ತದೆ ಎಂದು ನಮ್ಮ ಟೆಕ್ನಿಷಿಯನ್ ಪರೀಕ್ಷಿಸಿ ಹೇಳಿದರು. ಪುಣ್ಯಕ್ಕೆ ಕರೆಂಟ್ ಇತ್ತು, ಪ್ರಿಂಟರೂ ಸರಿಯಿತ್ತು. ನಾನು ಬ್ಯಾಗಿನ ನಂಬರು ಹಾಕಿ 'ಇಶ್ಯೂ' ಒತ್ತಿದೆ. ಪರದೆ ತಿರುಗುತ್ತಾ ನಿಂತಿತು. ಸ್ವಲ್ಪ ಹೊತ್ತಿಗೆ 1205, ಲಾಕ್ ವೇಟ್ ಟೈಮ್‌ಔಟ್. ಮತ್ತೆ ಒತ್ತಿದೆ. ಮತ್ತೆ ಅದೇ. ಕಂಪ್ಯೂಟರನ್ನೇ ಆರಿಸಿ ಹಚ್ಚಿದೆ. ಅದೇ.

ಸಿದ್ದರಾಜು ಗಾಜಿನ ಬಾಗಿಲಿನ ಫ್ರಿಜ್ಜನ್ನೇ ನೋಡುತ್ತಿದ್ದ.

"ಅಲ್ಲೇ ಕಾಣ್ತಾ ಐತಲ್ಲಕ್ಕ. ಎತ್ಕೊಡಕ್ಕೇನು?"

"ಸ್ಲಿಪ್ ಬರ್ಬೇಕಪ್ಪ. ಸ್ಲಿಪ್ ಇಲ್ದೆ ಕೊಡಂಗಿಲ್ಲ."

"ನಮ್ ಹುಡ್ಗಿ ಮೈಯಾಗೆ ರಕ್ತ ಇಲ್ಲ, ನೀವು ಕಾಗ್ದ ಅಂತೀರಲ್ಲಕ್ಕ!"

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಆ ಸ್ಲಿಪ್ಪು ಇರುವುದು ಒಬ್ಬರ ರಕ್ತ ಇನ್ನೊಬ್ಬರಿಗೆ ಹೋಗದಿರಲಿ ಎಂದು. ತುರ್ತಿದ್ದಾಗ ಕೈಬರಹದಲ್ಲಿ ಕೊಡುವ ಅಧಿಕಾರ ನಮ್ಮ ಡಾಕ್ಟರೊಬ್ಬರಿಗೇ. ಅವರು ಸಿ.ಎಸ್. ಪುರದ ರಕ್ತದಾನ ಶಿಬಿರಕ್ಕೆ ಹೋಗಿದ್ದರು, ಫೋನು ಸಿಗುತ್ತಿರಲಿಲ್ಲ.

ನಮ್ಮ ಸಾಫ್ಟ್‌ವೇರ್ ನೋಡಿಕೊಳ್ಳುವ ಕಿರಣ್‌ಗೆ ಫೋನ್ ಮಾಡಿದೆ.

"ಮೇಡಂ, ನಿಮ್ಮ ಕಂಪ್ಯೂಟ್ರಿಗೆ ಏನೂ ಆಗಿಲ್ಲ," ಎಂದ. "ಆ ಬ್ಯಾಗಿನ ಸಾಲನ್ನ ಬೇರೆ ಯಾರೋ ಹಿಡ್ಕೊಂಡವ್ರೆ. ಒಂದು ಸಾಲನ್ನ ಇಬ್ರು ಒಟ್ಟಿಗೆ ತಿದ್ದಬಾರ್ದು ಅಂತ ಅದು ಬೀಗ ಹಾಕ್ತದೆ. ಅವರು ಸೇವ್ ಒತ್ಬೇಕು, ಇಲ್ಲ ಕ್ಯಾನ್ಸಲ್ ಒತ್ಬೇಕು. ಅಲ್ಲಿವರ್ಗೂ ನಿಮ್ಗೆ ಇದೇ ಬರ್ತಿರ್ತದೆ."

"ನೀನು ಬಿಡ್ಸಕ್ಕಾಗಲ್ವೇನಪ್ಪ?"

"ಲ್ಯಾಪ್‌ಟಾಪ್ ಸತ್ಯಮಂಗಲದ ಆಫೀಸಲ್ಲೈತೆ, ನಾನು ಬಸ್ಸಲ್ಲಿದೀನಿ."

"ಹಿಡ್ಕೊಂಡೋರ ಸ್ಕ್ರೀನಲ್ಲಿ ಏನು ಬರ್ತದೆ?"

"ಅವ್ರಿಗೇನೂ ಬರಲ್ಲ ಮೇಡಂ. ಆರಾಮಾಗಿರ್ತದೆ."

ಕುಣಿಗಲ್ಲಿನವರು ಬ್ಯಾಗಿಗಾಗಿ ಬೇಡುತ್ತಿದ್ದವರು, ಅವರು ಹಿಡಿದಿರಲಾರರು. ಉಳಿದದ್ದು ಗುಬ್ಬಿ. ಅಲ್ಲಿ ಕೌಂಟರಿನಲ್ಲಿರುವವಳು ನಾಗರತ್ನ, ನನಗಿಂತ ಚಿಕ್ಕವಳು, ಭಕ್ತಿಯಲ್ಲಿ ನನ್ನನ್ನೂ ಮೀರಿಸಿದವಳು. ಅವಳ ಮೊಬೈಲು ರಿಂಗಾಗಿ ನಿಂತಿತು. ಆಫೀಸಿನ ಫೋನಿಗೆ ಮಾಡಿದರೆ ಅಟೆಂಡರ್ ರಂಗಪ್ಪ ಎತ್ತಿದ.

"ನಾಗರತ್ನಮ್ಮೋರು ಅಮ್ಮನ ಗುಡೀಗ್ ಹೋಗವ್ರೆ. ಆಷಾಢ ಶುಕ್ರವಾರ ಅಲ್ವೇನಮ್ಮ, ರಾಹುಕಾಲದಾಗೆ ನಿಂಬೆಹಣ್ಣಿನ ದೀಪ ಹಚ್ಚಕ್ಕೆ."

"ಅವಳ ಕಂಪ್ಯೂಟ್ರಲ್ಲಿ ಏನಾದ್ರೂ ತೆಗ್ದಿಟ್ಟಿದಾಳೇನು ನೋಡು ರಂಗಪ್ಪ."

"ಏನೋ ತುಂಬ್ಸಿ ಮಡಗವ್ರೆ. ನಾನದ್ನ ಮುಟ್ಟಾಕಿಲ್ಲ ಬುಡವ್ವ. ಒಂದು ಹೋಗಿ ಇನ್ನೊಂದಾದ್ರೆ ನನ್ ಕೆಲ್ಸ ಹೋಗ್ತದೆ."

ಅವನನ್ನು ಗುಡಿಗೆ ಓಡಿಸಿ ಕಾಯುತ್ತಾ ಕೂತೆ. ಆ ಹೊತ್ತು ನಾನು ಮಾಡಿದ ಕೆಲಸ ಏನೂ ಇಲ್ಲ. ಇಶ್ಯೂ ಒತ್ತುವುದು, 1205 ನೋಡುವುದು, ಮನಸ್ಸಿನಲ್ಲೇ ಓಂ ನಮಃ ಶಿವಾಯ ಎನ್ನುವುದು. ಸಿದ್ದರಾಜುವಿನ ಫೋನು ಬಡಿದಾಗಲೆಲ್ಲ ಅವನು "ಬಂದೆ, ಬಂದೆ ಕಣಮ್ಮ" ಎಂದು ತಾಯಿಗೆ ಸುಳ್ಳು ಹೇಳುತ್ತಿದ್ದ. ನನಗೆ ತಲೆ ಎತ್ತಲಾಗುತ್ತಿರಲಿಲ್ಲ.

ಕೊನೆಗೆ ನಾಗರತ್ನಳೇ ಆಫೀಸಿಗೆ ಓಡಿಬಂದು ಫೋನ್ ಮಾಡಿದಳು, ಏದುಸಿರು. ಸಿದ್ದರಾಜು ಕೇಳಿಸಿಕೊಳ್ಳಲಿ ಎಂದು ಸ್ಪೀಕರ್ ಹಾಕಿದೆ. ಗುಬ್ಬಿಯಲ್ಲಿ ಮರುದಿನ ಆಪರೇಷನ್ ಆಗಬೇಕಿದ್ದ ಹೆಂಗಸಿಗೆ ಅದೇ ಬ್ಯಾಗನ್ನು ತರಿಸಲು ಅವಳು ಫಾರಂ ತುಂಬಿದ್ದಳು. ತುಂಬುವಷ್ಟರಲ್ಲಿ ರಾಹುಕಾಲ ಹತ್ತಿತ್ತು. ಅದು ಕಳೆದ ಮೇಲೆ ಸೇವ್ ಒತ್ತೋಣವೆಂದು ಹಾಗೇ ಬಿಟ್ಟು ಗುಡಿಗೆ ಹೋಗಿದ್ದಳು.

"ಕ್ಯಾನ್ಸಲ್ ಒತ್ತೇ ನಾಗು, ಇಲ್ಲೊಂದು ಜೀವ ಹೋಗ್ತೈತೆ."

"ಕ್ಯಾನ್ಸಲ್ಲಾ? ಈ ಹೊತ್ನಲ್ಲಾ? ರಾಹುಕಾಲ ಮುಗಿದಿಲ್ಲ ಕಣಕ್ಕ. ಕೊಡ್ತೀವಿ ಅಂದಿದ್ನ ಈ ಗಳಿಗೇಲಿ ಕಿತ್ಕೊಂಡು, ನಾಳೆ ಆ ಹೆಂಗಸಿಗೆ ಏನಾರ ಆದ್ರೆ?"

ಬೇರೆಯವರಾಗಿದ್ದರೆ ಬೈಯುತ್ತಿದ್ದರು. ನಾನು ಹೇಗೆ ಬೈಯಲಿ? ರಾಹುಕಾಲದಲ್ಲಿ ನಾನು ಮನೆಯಲ್ಲಿ ಉಪ್ಪಿನಕಾಯಿ ಸಹ ಹಾಕುವವಳಲ್ಲ. ಆ ಹೆಂಗಸೂ ಯಾರದೋ ಮನೆಯ ದೀಪವೇ.

ಆಗ ಸಿದ್ದರಾಜು ಫೋನಿನ ಹತ್ತಿರ ಬಗ್ಗಿದ.

"ಅಕ್ಕಾ, ನೀವು ದೀಪ ಹಚ್ಚಿ ಬಂದ್ರಂತಲ್ಲ. ಅದ್ರಾಗೆ ಒಂದು ನಮ್ ಪವಿತ್ರನ ಹೆಸ್ರಲ್ಲಿ ಹಚ್ಚಿದೀನಿ ಅನ್ಕಂಡು ಒತ್ಬುಡಿ."

ಆ ಕಡೆಯಿಂದ ಕೀಲಿಮಣೆಯ ಒಂದು ಟಕ್. ಮೂಗು ಒರೆಸಿಕೊಂಡ ಸದ್ದು.

"ಒತ್ತಿದೀನಿ, ನೋಡಕ್ಕ."

ಇಶ್ಯೂ ಒತ್ತಿದೆ. ಸ್ಲಿಪ್ಪು ಬಂತು. ಸಿದ್ದರಾಜು ಬಾಕ್ಸನ್ನು ಕೂಸಿನಂತೆ ಎದೆಗವುಚಿಕೊಂಡು ಓಡಿದ. ಅಲ್ಲಿಂದಾಚೆಗೂ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಕುಣಿಗಲ್ ರಸ್ತೆ, ಆಸ್ಪತ್ರೆಯ ಬಾಗಿಲು, ಆ ಹುಡುಗಿಯ ಉಸಿರು, ಯಾವುದೂ ನನ್ನ ಪರದೆಯ ಮೇಲೆ ಬರುವಂಥದ್ದಲ್ಲ. ಮನೆಗೆ ಹೋಗಿ ದೇವರ ಮುಂದೆ ಕೂತರೆ ಏನು ಕೇಳಿಕೊಳ್ಳಬೇಕೆಂದೂ ತೋಚಲಿಲ್ಲ. ಒಬ್ಬಳಿಗೆ ಕೇಳಿದರೆ ಇನ್ನೊಬ್ಬಳದನ್ನು ಕಿತ್ತು ಕೇಳಿದ ಹಾಗೆ. ಇಬ್ಬರನ್ನೂ ಕಾಯಪ್ಪ ಎಂದಷ್ಟೇ ಹೇಳಿ ಎದ್ದೆ.

ಸಂಜೆ ಸಿದ್ದರಾಜುವಿನ ಫೋನು ಬಂತು. "ಕಣ್ ಬಿಟ್ಟವ್ಳೆ ಕಣಕ್ಕ." ಅಷ್ಟೇ ಹೇಳಿ ಅತ್ತ. ಗುಬ್ಬಿಯ ಹೆಂಗಸಿನ ಆಪರೇಷನ್ ಮುಂದಕ್ಕೆ ಹೋಗಿ, ಬೇರೆ ದಾನಿ ಸಿಕ್ಕ ಮೇಲೆ ಸಲೀಸಾಗಿ ಆಯಿತು. ಆ ಸುದ್ದಿ ಬರುವವರೆಗೆ ನಾಗರತ್ನ ದಿನವೂ ಫೋನ್ ಮಾಡಿ "ನಿದ್ದೆ ಬರ್ತಿಲ್ಲ ಕಣಕ್ಕ" ಎನ್ನುತ್ತಿದ್ದಳು.

ಈ ಕೆಲಸ ನನಗೆ ಕಲಿಸಿದ್ದು ಇದು: 1205 ಬರುವುದು ಕಾಯುತ್ತಿರುವವರ ಪರದೆಗೆ ಮಾತ್ರ. ಹಿಡಿದಿಟ್ಟವರಿಗೆ ಏನೂ ಕಾಣುವುದಿಲ್ಲ. ಅವರು ಕೆಟ್ಟವರೂ ಆಗಿರಬೇಕಿಲ್ಲ, ಯಾರದೋ ಒಳ್ಳೆಯದಕ್ಕೆ ದೀಪ ಹಚ್ಚುತ್ತಿರಬಹುದು. ನಾಗರತ್ನ ಈಗಲೂ ಶುಕ್ರವಾರ ಗುಡಿಗೆ ಹೋಗುತ್ತಾಳೆ. ಫಾರಂ ತೆರೆಯುವುದು ಮಾತ್ರ ಬಂದ ಮೇಲೆ. ನಾನು ಕುರ್ಚಿ ಬಿಟ್ಟು ಏಳುವಾಗ, ನೀರು ಕುಡಿಯಲಿಕ್ಕಾದರೂ ಸರಿ, ನನ್ನ ಪರದೆಯನ್ನೊಮ್ಮೆ ನೋಡುತ್ತೇನೆ. ನನಗೆ ಏನೂ ಕಾಣದೆ, ಎಲ್ಲೋ ಯಾರೋ ನನಗಾಗಿ ಕಾಯುತ್ತಿರಬಹುದು.