ತಿಕೋಟಾ ರಸ್ತೆಯಲ್ಲಿ ಕಿರುಚಿದ ಕಾರು

ಸದ್ದು ಶುರುವಾದಾಗ ನಾನು ಅದಕ್ಕೆ ಅಷ್ಟಾಗಿ ಕಿವಿಗೊಡಲಿಲ್ಲ. ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದೊಡನೆ ಬಾನೆಟ್ಟಿನೊಳಗಿಂದ ಕೀಂಯ್ ಎಂದು ಕೂಗಿ, ಎಂಜಿನ್ ಬಿಸಿಯಾದ ಮೇಲೆ ಸುಮ್ಮನಾಗುತ್ತಿತ್ತು. ತಿಕೋಟಾದ ನಮ್ಮ ಮನೆಯಿಂದ ಬಬಲೇಶ್ವರದ ನನ್ನ ಹೊಲಿಗೆ ಅಂಗಡಿಗೆ ಹೋಗಿಬರಲು ಆ ಹಳೆಯ ಕಾರು ಸಾಕಾಗಿತ್ತು. ಆದರೆ ಅದಕ್ಕೆ ಇನ್ನೊಂದು ಕೆಲಸವೂ ಇತ್ತು. ಬಿಜ್ಜರಗಿಯಲ್ಲಿರುವ ನನ್ನ ಅಣ್ಣನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಮಂಗಳವಾರ, ಶುಕ್ರವಾರ ಅಂಗಡಿ ಮುಚ್ಚಿ ಅವನನ್ನು ಡಯಾಲಿಸಿಸ್‌ಗೆಂದು ವಿಜಯಪುರಕ್ಕೆ ಕರೆದೊಯ್ಯುತ್ತಿದ್ದೆ.

ಅಣ್ಣ ಬಹಳ ವರ್ಷ ಲಾರಿ ಓಡಿಸಿದವನು. ಒಣದ್ರಾಕ್ಷಿ ತುಂಬಿಕೊಂಡು ಸಾಂಗ್ಲಿ ಕಡೆ ಹೋದರೆ ಮನೆಗೆ ಬರುವುದು ಯಾವಾಗಲೋ. ಈಗ ನನ್ನ ಪಕ್ಕದ ಸೀಟಿನಲ್ಲಿ ಕೈಕಟ್ಟಿ ಕೂರಬೇಕಾಗಿ ಬಂದದ್ದು ಅವನಿಗೆ ಹಿಡಿಸುತ್ತಿರಲಿಲ್ಲ. ಸದ್ದು ಕೇಳಿದ ಮೊದಲ ದಿನವೇ ಹೇಳಿದ್ದ: "ಗಾಡಿ ಸರಿ ಇಲ್ಲ ತಂಗಿ. ಮೊದಲ ತೋರಸು."

ತೋರಿಸಿದೆ. ಬಬಲೇಶ್ವರದ ಗ್ಯಾರೇಜಿನವರು ಹೊಸ ಬೆಲ್ಟ್ ಹಾಕಿದರು. ಕೆಲವು ದಿನ ಶಾಂತಿ. ಮತ್ತೆ ಅದೇ ಕೂಗು. ಎರಡನೆಯ ಸಲ ಬೆಲ್ಟನ್ನು ಬಿಗಿ ಮಾಡಿ ಕೊಟ್ಟರು. ಕೂಗು ನಿಂತಿತು, ಅದರ ಜಾಗದಲ್ಲಿ ಸಣ್ಣಗೆ ಗುರ್ ಎನ್ನುವ ಸದ್ದು ಉಳಿಯಿತು. ಮುಂದೆ ಅದೂ ಏರುತ್ತ ಹೋಗಿ, ಕೂಗು ಮತ್ತೆ ಬಂದು ಸೇರಿಕೊಂಡಿತು.

ಒಂದು ಶುಕ್ರವಾರ ಬಿಜ್ಜರಗಿಗೆ ಹೋದರೆ ಅಣ್ಣ ಹಾಸಿಗೆ ಬಿಟ್ಟು ಏಳಲೇ ಇಲ್ಲ.

"ಆ ಗಾಡ್ಯಾಗ ನಾ ಬರಂಗಿಲ್ಲ. ಹಾದ್ಯಾಗ ನಿಂತ್ರ ಏನ್ ಮಾಡ್ತಿ? ಇವತ್ತೊಂದಿನ ಬಿಡು."

ಅವನ ಹೆಂಡತಿ, ನಮ್ಮ ವೈನಿ, ಬೇಡಿಕೊಂಡಳು, ನಾನು ಜಗಳವಾಡಿದೆ. ಅವನು ಗೋಡೆಯ ಕಡೆ ಹೊರಳಿ ಮಲಗಿದ. ಬೇರೆ ಗಾಡಿ ತರುತ್ತೇನೆಂದರೂ ಒಪ್ಪಲಿಲ್ಲ. ಅವನಿಗೆ ಬೇಕಾಗಿದ್ದದ್ದು ಒಂದು ನೆವವೇ ಏನೋ ಎಂಬ ಅನುಮಾನ ನನಗೆ ಅಂದು ಬಂತು. ಆ ಸದ್ದಿನ ಮೂಲ ಹುಡುಕದಿದ್ದರೆ ಇವನು ನಮ್ಮ ಕೈತಪ್ಪುತ್ತಾನೆ ಎನಿಸಿತು.

ಶನಿವಾರ ಮತ್ತೆ ಗ್ಯಾರೇಜಿಗೆ ಒಯ್ದರೆ, ಬೆಲ್ಟ್ ಸರಿಯಾಗಿಯೇ ಇದೆ ಎಂದು ಕಳಿಸಿದರು. ಸೋಮವಾರದ ಹೊತ್ತಿಗೆ ಅಣ್ಣನ ಕಾಲು ಬಾತುಕೊಂಡು, ಉಸಿರು ಮೇಲೆಮೇಲೆ ಆಡತೊಡಗಿತ್ತು. ಮಂಗಳವಾರ ಬೆಳಿಗ್ಗೆ ಅವನೇ ಸುಮ್ಮನೆ ಬಂದು ಕಾರಿನಲ್ಲಿ ಕುಳಿತ. ಹಿಂದಿನ ಸೀಟಿನಲ್ಲಿ ವೈನಿ.

ತಿಕೋಟಾ ದಾಟಿ ಸ್ವಲ್ಪ ದೂರ ಹೋಗಿದ್ದೆವು. ಕಾರು ಒಮ್ಮೆಲೇ ಕಿರುಚಿತು. ಸುಟ್ಟ ರಬ್ಬರಿನ ವಾಸನೆ ಬಂತು, ಬ್ಯಾಟರಿಯ ಕೆಂಪು ದೀಪ ಹೊತ್ತಿಕೊಂಡಿತು. ಬದಿಗೆ ನಿಲ್ಲಿಸಿದೆ. ನನ್ನ ಕೈ ನಡುಗುತ್ತಿತ್ತು. ಆಂಬುಲೆನ್ಸಿಗೆ ಫೋನ್ ಮಾಡಿದರೆ, ಗಾಡಿ ಬೇರೆ ರೋಗಿಯನ್ನು ಒಯ್ದಿದೆ, ಬರಲು ತಡವಾಗುತ್ತದೆ ಎಂದರು. ವೈನಿ ರಸ್ತೆಗಿಳಿದು ಕೈ ಮಾಡಿದಳು. ತುಂಬಿದ ಬಸ್ಸೊಂದು ನಿಲ್ಲದೆ ಹೋಯಿತು.

ಅಣ್ಣ ಬಾಗಿಲು ತೆಗೆದು ಕೆಳಗಿಳಿದ.

"ಕುಂದರು ಅಣ್ಣಾ, ದಮ್ಮ ಹತ್ತೈತಿ ನಿನಗ," ಎಂದೆ.

"ಬಾನೆಟ್ ಎತ್ತು. ಎಂಜಿನ್ ಚಾಲೂ ಇರ್ಲಿ. ಸೆರಗ ಸಂಭಾಳಿಸ್ಕೋ."

ಕಾರಿಗೆ ಒರಗಿ ನಿಂತು, ಬೆಲ್ಟಿನ ಮೇಲೆ ಬಾಟಲಿಯ ನೀರನ್ನು ದೂರದಿಂದಲೇ ಚಿಮುಕಿಸಲು ಹೇಳಿದ. ಚಿಮುಕಿಸಿದೆ. ಕಿರುಚುವುದು ಒಂದು ಗಳಿಗೆ ನಿಂತಿತು. ಒಳಗಿನ ಗುರ್ ಮಾತ್ರ ಹಾಗೇ ಇತ್ತು.

"ಕೇಳಿದೇನು? ನೀರಿಗೆ ಹೋಗಿದ್ದು ಬೆಲ್ಟಿಂದು. ಉಳದದ್ದು ಬ್ಯಾರೇದು. ಬೆಲ್ಟ್ ಯಾವದನ್ನೋ ತಿರಗಸಾಕ ಹೋಗಿ ಜಾರಾಕತ್ತೈತಿ. ಬಂದ್ ಮಾಡು, ಪಾನಾ ತಗಿ."

ಅವನ ಎಡಗೈಯಲ್ಲಿ ಡಯಾಲಿಸಿಸ್‌ನ ಸೂಜಿ ಚುಚ್ಚಲೆಂದು ಆಪರೇಷನ್ ಮಾಡಿ ರಕ್ತನಾಳ ಕೂಡಿಸಿದ್ದರು. ಆ ಕೈಗೆ ಭಾರ ಬೀಳಬಾರದು. ಹಾಗಾಗಿ ನಟ್ಟು ಬಿಚ್ಚುವ ಪಾನಾ ಹಿಡಿದವಳು ನಾನು. ಬಿಸಿ ಕಬ್ಬಿಣಕ್ಕೆ ಮುಂಗೈ ತಾಗಿ ಚುರ್ ಎಂದಿತು. ಅವನು ತೋರಿಸಿದ ನಟ್ಟು ಸಡಿಲಿಸಿ ಬೆಲ್ಟನ್ನು ಜಾರಿಸಿ ತೆಗೆದೆ.

"ಈಗ ಒಂದೊಂದ ಪುಲಿ ಕೈಲೆ ತಿರಗಸು."

ನೀರಿನ ಪಂಪಿನ ಪುಲಿ, ಬೆಲ್ಟ್ ಕೂರುವ ಆ ಗಾಲಿ, ಮೆತ್ತಗೆ ತಿರುಗಿತು. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನದು ಅರ್ಧ ಸುತ್ತಿಗೇ ತಡೆಯಿತು. ಒಳಗೆ ಮರಳು ತುಂಬಿದ ಬೀಸುಕಲ್ಲಿನಂತೆ ಕರಕರ ಎಂದಿತು. ಅಣ್ಣ ತಾನೇ ಬಲಗೈ ಚಾಚಿ ತಿರುಗಿಸಿ ನೋಡಿದ.

"ಬೇರಿಂಗ್ ಹೋಗೇತಿ. ಬೆಲ್ಟ್ ಅತೀ ಬಿಗಿ ಮಾಡಿ ಅದನ್ನ ಪೂರ್ತಿ ಕೊಂದಾರ."

ವೈನಿ ಅಳುತ್ತ ನಿಂತಿದ್ದಳು. "ಈಗ ಹೆಂಗ್ರಿ?" ಎಂದಳು.

"ಬೆಲ್ಟ್ ಇಲ್ಲಂದ್ರ ಪಂಪ್ ತಿರಗೂದಿಲ್ಲ, ಎಂಜಿನ್ ಸುಡ್ತೈತಿ. ಹೊಳ್ಳಿ ಹಾಕು, ಆದ್ರ ಮೊದಲಿನಷ್ಟ ಬಿಗಿ ಬ್ಯಾಡ. ಎ.ಸಿ., ಲೈಟ್ ಎಲ್ಲಾ ಬಂದ್ ಮಾಡಿ ಸಾವಕಾಶ ಹೋಗೂಣು."

ಹಾಗೇ ಹೊರಟೆವು. ನಾನು ಒಂದು ಕಣ್ಣು ರಸ್ತೆಯ ಮೇಲೆ, ಒಂದು ಕಣ್ಣು ಎಂಜಿನ್ನಿನ ಬಿಸಿ ತೋರಿಸುವ ಮುಳ್ಳಿನ ಮೇಲೆ ಇಟ್ಟಿದ್ದೆ. ಅಣ್ಣ ಕಣ್ಣು ಮುಚ್ಚಿ ಸದ್ದನ್ನೇ ಆಲಿಸುತ್ತಿದ್ದ. ಕಾರು ಕಿರುಚಿದಾಗಲೆಲ್ಲ "ಆಕ್ಸಿಲೇಟರ್ ಬಿಡು," ಎನ್ನುತ್ತಿದ್ದ. ಹಾಗೆನ್ನಲು ಅವನಿಗೆ ಎರಡು ಸಲ ಉಸಿರೆಳೆಯಬೇಕಾಗುತ್ತಿತ್ತು. ವಿಜಯಪುರ ಹೊಕ್ಕ ಮೇಲೆ ಗಾಂಧಿ ಚೌಕದ ಆಟೋಗಳ ಗದ್ದಲಕ್ಕೆ ಸಿಗದೆ ಸುತ್ತುದಾರಿ ಹಿಡಿದೆ. ಆಸ್ಪತ್ರೆಯ ಗೇಟಿನಲ್ಲಿ ಮುಳ್ಳು ಕೆಂಪು ಗೆರೆಗೆ ತಾಗುವುದರಲ್ಲಿತ್ತು.

ನರ್ಸ್ ಅವನ ಕಾಲು ಒತ್ತಿ ನೋಡಿ, "ಇನ್ನೊಂದ ಹೊತ್ತ ತಡಾ ಮಾಡಿದ್ರ ಏನಾಗತಿತ್ರಿ?" ಎಂದಳು. ಅವನನ್ನು ಮಷೀನಿಗೆ ಜೋಡಿಸಿದ ಮೇಲೆ ವೈನಿಯನ್ನು ಅಲ್ಲಿ ಕೂರಿಸಿ, ಎಂಜಿನ್ ಆರುವವರೆಗೆ ಕಾದು, ಅದೇ ಊರಿನ ಇಬ್ರಾಹಿಂಪುರ ಬಡಾವಣೆಯ ಒಬ್ಬ ಗ್ಯಾರೇಜ್ ಮಿಸ್ತ್ರಿಯ ಬಳಿ ಕಾರು ಒಯ್ದೆ. ಅವರು ಆಲ್ಟರ್ನೇಟರ್ ಬಿಚ್ಚಿ, ಗ್ರೀಸೆಲ್ಲ ಒಣಗಿ ಕಪ್ಪಾಗಿದ್ದ ಬೇರಿಂಗನ್ನು ನನ್ನ ಅಂಗೈ ಮೇಲಿಟ್ಟರು. "ಇಷ್ಟ ದೂರ ಇದು ತಂದಿದ್ದ ದೊಡ್ಡದ್ರಿ ಅಕ್ಕಾರ," ಎಂದರು. ಹೊಸ ಬೇರಿಂಗು, ಹೊಸ ಬೆಲ್ಟು ಹಾಕಿದ ಮೇಲೆ ಎಂಜಿನ್ ಎಷ್ಟು ಮೆತ್ತಗೆ ಓಡಿತೆಂದರೆ, ಓಡುತ್ತಿದೆಯೋ ಇಲ್ಲವೋ ಎಂದು ಬಾನೆಟ್ ಮುಟ್ಟಿ ಖಾತ್ರಿ ಮಾಡಿಕೊಂಡೆ.

ಮರಳಿ ಬಂದಾಗ ಅಣ್ಣನ ಉಸಿರು ಹದಕ್ಕೆ ಬಂದಿತ್ತು.

"ಮುಂದಿನ ಬೇರಿಂಗೋ, ಹಿಂದಿಂದೋ?"

"ಮುಂದಿಂದು."

"ನಾ ಅನಕೊಂಡಿದ್ದೆ." ಮುಖವನ್ನು ನನ್ನ ಕಡೆ ಹೊರಳಿಸಿದ. "ಆ ಸದ್ದ ಕೇಳಿದ್ರ ನನಗೊಂದ ನಮೂನಿ ಸಮಾಧಾನ ಆಗತಿತ್ತು ತಂಗಿ. ಗಾಡಿ ಕೆಟ್ರ ಬರೂದ ತಪ್ಪತೈತಿ, ನಾ ಒಲ್ಲೆ ಅಂತ ಬಾಯಿಬಿಟ್ಟ ಹೇಳೂದ ಬ್ಯಾಡ ಅಂತ."

"ಮತ್ತ ಇವತ್ತ್ಯಾಕ ಕೆಳಗ ಇಳದಿ?"

ಮಷೀನಿನ ಕೊಳವೆಯಲ್ಲಿ ರಕ್ತ ಸುತ್ತಿ ಬರುತ್ತಿತ್ತು.

"ನಿನ್ನ ಕೈ ನಡಗಾಕತ್ತಿದ್ವು," ಎಂದ. "ಅಂಜಿದಾಕಿ ಕೈಯಾಗ ಗಾಡಿ ಹೆಂಗ ಬಿಡ್ಲಿ?"

ವೈನಿ ಸೆರಗಿನಿಂದ ಮುಖ ಒರೆಸಿಕೊಂಡು, ಸುಟ್ಟ ನನ್ನ ಮುಂಗೈಗೆ ಮುಲಾಮು ಕೇಳಿ ತರಲು ನರ್ಸಿನ ಕಡೆ ಹೋದಳು.